ಪೆನಾಲ್ಟಿಗೆ ಬೆನ್ನು ಮಾಡಿದವರು

ಹೊರಡುವ ಮುನ್ನ, ದಾಂಡೇಲಿ

ನಮ್ಮ ಓಣಿಯಲ್ಲಿ ಫುಟ್‌ಬಾಲ್ ಹುಚ್ಚಿಲ್ಲದ ಮನೆ ಸಿಗುವುದಿಲ್ಲ. ಆದರೆ ನಮ್ಮ ತಂಡದವರು ಹೊಡೆಯುವ ಪೆನಾಲ್ಟಿಯನ್ನು ಕಣ್ಣಾರೆ ಕಂಡವರೂ ಸಿಗುವುದಿಲ್ಲ. ರೆಫರಿ ಸೀಟಿ ಊದಿ ಚುಕ್ಕೆಯ ಕಡೆ ಬೆರಳು ತೋರಿಸಿದ ಕೂಡಲೇ ಹೆಂಗಸರು, ಮುದುಕರು ಎನ್ನದೆ ನಾವೆಲ್ಲ ಮೈದಾನಕ್ಕೆ ಬೆನ್ನು ಮಾಡಿ ನಿಂತುಬಿಡುತ್ತೇವೆ. ಆಡುವ ಹುಡುಗರೂ ಅಷ್ಟೇ. ಹೊಡೆಯುವವನೊಬ್ಬನನ್ನು ಬಿಟ್ಟು ಉಳಿದವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಆ ಕಡೆ ತಿರುಗುತ್ತಾರೆ. ಗೋಲಾಯಿತೋ ಇಲ್ಲವೋ ಎಂಬುದನ್ನು ಎದುರು ಪಕ್ಷದವರ ಸದ್ದಿನಿಂದಲೇ ತಿಳಿಯಬೇಕು. ಅವರು ಸುಮ್ಮನಾದರೆ ಗೋಲು, ಕೇಕೆ ಹಾಕಿದರೆ ನಮ್ಮ ಕಥೆ ಮುಗಿಯಿತೆಂದು ಲೆಕ್ಕ.

ಈ ಪದ್ಧತಿಗೆ ಮೂಲಪುರುಷ ಮಕ್ತುಮ. ಮೋಟಾರ್ ಸೈಕಲ್ ರಿಪೇರಿ ಗ್ಯಾರೇಜಿನವನು, ತಂಡದ ಕೋಚ್, ನನ್ನ ಚಡ್ಡಿ ದೋಸ್ತ. ಬಹಳ ವರ್ಷಗಳ ಹಿಂದೆ ಮುಂಡಗೋಡದಲ್ಲಿ ಟಿಬೆಟಿಯನ್ ಕ್ಯಾಂಪಿನ ಹುಡುಗರ ವಿರುದ್ಧ ಫೈನಲ್ ಇತ್ತು. ನಮಗೆ ಪೆನಾಲ್ಟಿ ಸಿಕ್ಕ ಹೊತ್ತಿಗೆ ಈ ಪುಣ್ಯಾತ್ಮ ಮೈದಾನಕ್ಕೆ ಬೆನ್ನು ಹಾಕಿ, ಚಟ್ನಿ ಕಡಿಮೆ ಕೊಟ್ಟೆ ಎಂದು ಭಜಿ ಗಾಡಿಯವನ ಜೊತೆ ಜಗಳಕ್ಕೆ ನಿಂತಿದ್ದ. ಗೋಲಾಯಿತು, ಕಪ್ ಬಂತು. ಅದರ ಶ್ರೇಯಸ್ಸು ಹೊಡೆದ ಹುಡುಗನ ಕಾಲಿಗೆ ಹೋಗುವುದು ಬಿಟ್ಟು ಮಕ್ತುಮನ ಬೆನ್ನಿಗೆ ಹೋಯಿತು. ಆಮೇಲೆ ಒಬ್ಬರನ್ನು ನೋಡಿ ಒಬ್ಬರು, ಇಡೀ ಓಣಿಯೇ ತಿರುಗಿ ನಿಲ್ಲಲು ಕಲಿಯಿತು.

ಆ ಕಪ್ಪೇ ಕೊನೆ. ಹಳಿಯಾಳದ ಪಂದ್ಯಾವಳಿಯಲ್ಲಿ ಈಚೆಗೆ ಸತತ ಮೂರು ವರ್ಷ ಫೈನಲ್‌ಗೆ ಹೋಗಿ ಸೋತು ಬಂದೆವು. ಹೋದ ವರ್ಷವಂತೂ ಒಂದು ಗೋಲು ಹಿಂದಿದ್ದೆವು, ಆಟ ಮುಗಿಯುವ ಹೊತ್ತಿಗೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ಹೋದವನು ಪರಶುರಾಮ. ನಾವು ತಿರುಗಿ ನಿಂತೆವು. ಹಿಂದಿನಿಂದ ಹಳಿಯಾಳದವರ ಕೇಕೆ ಕೇಳಿತು. ನಾವು ಈ ಕಡೆ ತಿರುಗಿದಾಗ ಅವನು ಚುಕ್ಕೆಯ ಹತ್ತಿರ ತಲೆ ಹಿಡಿದುಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದ.

ಪರಶುರಾಮನಿಗೆ ಚೆಂಡು ಒದೆಯಲು ಕಲಿಸಿದವನೇ ಮಕ್ತುಮ. ಅವನೇ ಈಗ ತೀರ್ಪು ಕೊಟ್ಟುಬಿಟ್ಟಿದ್ದ: ಹುಡುಗನ ಮನಸ್ಸು ಗಟ್ಟಿಯಿಲ್ಲ, ಈ ವರ್ಷ ತಂಡದಲ್ಲಿ ಬೇಡ. ನನಗೆ ಇದು ಸರಿ ಕಾಣಲಿಲ್ಲ. ಪರಶುರಾಮ ಗಣೇಶಗುಡಿಯಲ್ಲಿ ರಾಫ್ಟ್ ನಡೆಸುವವನು. ಸೂಪಾ ಡ್ಯಾಮಿನಿಂದ ನೀರು ಬಿಟ್ಟಾಗ ಕಾಳಿ ನದಿ ಹೇಗೆ ಕುದಿಯುತ್ತದೆ ಎಂಬುದು ನೋಡಿದವರಿಗೆ ಗೊತ್ತು. ಕಿರುಚುವ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ತುಂಬಿಕೊಂಡು ಆ ನೀರಿನಲ್ಲಿ ನಗುತ್ತ ಇಳಿಯುವವನ ಮನಸ್ಸು ಗಟ್ಟಿಯಿಲ್ಲವಂತೆ, ಗ್ಯಾರೇಜಿನಲ್ಲಿ ಕೂತವನ ಮನಸ್ಸು ಗಟ್ಟಿಯಂತೆ. ಹಾಗೆಂದರೆ ಮಕ್ತುಮ, "ನೀರು ಬ್ಯಾರೆ, ಕಪ್ ಬ್ಯಾರೆ" ಎಂದು ಮಾತು ಮುಗಿಸಿದ.

ನಾನೇನೂ ಕಡಿಮೆಯವನಲ್ಲ. ಕಾಗದದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು, ಟಿವಿಯಲ್ಲಿ ಇಂಗ್ಲೆಂಡಿನ ಒಂದು ದೊಡ್ಡ ಕ್ಲಬ್ಬಿನ ಆಟ ನೋಡುವುದು ನನ್ನ ಬಹುಕಾಲದ ಚಟ. ಆ ಕ್ಲಬ್ಬು ವರ್ಷವಿಡೀ ಮೊದಲಿದ್ದು ಕೊನೆಗೆ ಎರಡನೆಯದಾಗುವುದರಲ್ಲಿ ಪಳಗಿದೆ. ಇವರಿಗೆ ಮನೋಬಲವಿಲ್ಲ, ಪ್ರಶಸ್ತಿ ಹತ್ತಿರ ಬಂದರೆ ಕಾಲು ನಡುಗುತ್ತದೆ ಎಂದು ನಾನು ಚಾಪೆಯ ಮೇಲೆ ಮಲಗಿ ಭಾಷಣ ಮಾಡುತ್ತೇನೆ. ನನ್ನ ಹೆಂಡತಿ ಶಾಂತವಾಗಿ, "ಮೊದಲ ನೀವು ಎದ್ದು ನೀರು ಕುಡೀರಿ, ಕೈ ನಡಗಾಕತ್ತಾವ" ಎನ್ನುತ್ತಾಳೆ.

ಹೀಗಿರುವಾಗ ಇನಾಸನ ಫೋನ್ ಬಂತು. ಇನಾಸ ಒಂದು ಕಾಲದಲ್ಲಿ ನಮ್ಮ ತಂಡದ ಎಡಗಡೆಯ ಡಿಫೆಂಡರ್. ತಾಯಿಯ ಕಡೆಯವರು ಗೋವಾದವರಾದ್ದರಿಂದ ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿಕೊಂಡು ಇಂಗ್ಲೆಂಡಿನ ಒಂದು ಊರು ಸೇರಿದ್ದಾನೆ, ಅಲ್ಲಿ ದೊಡ್ಡ ಗೋದಾಮಿನಲ್ಲಿ ಕೆಲಸ. ಅವನ ಊರಿನ ಸಣ್ಣ ಕ್ಲಬ್ಬು ತನ್ನ ಡಿವಿಜನ್ನಿನಲ್ಲಿ ಪ್ರಶಸ್ತಿಗೆ ಹೋರಾಡುತ್ತಿದೆಯಂತೆ, ಕೊನೆಯ ಆಟಕ್ಕೆ ನಾವಿಬ್ಬರೂ ಬರಲೇಬೇಕಂತೆ. ಊರು ಬಿಟ್ಟು ಕಾರವಾರಕ್ಕೆ ಹೋಗಲೂ ಮೀನಮೇಷ ಎಣಿಸುವ ಮಕ್ತುಮ ಆ ಕ್ಷಣವೇ ಒಪ್ಪಿಕೊಂಡ.

"ಕಪ್ ಗೆಲ್ಲೋರ ಮನಸ್ಸು ಹೆಂಗಿರತೈತಿ ಅಂತ ಒಮ್ಮೆ ನೋಡಿ ಬರೂಣು," ಎಂದ. "ಬಂದ ಮ್ಯಾಲೆ ಪರಶ್ಯಾಗ ಹೇಳಿಬಿಡ್ತೇನಿ, ನೀ ಬ್ಯಾಡಪಾ ಅಂತ."

ಮೊದಲ ದಿನ, ಒಗ್ಗರಣೆ

ಇಂಗ್ಲೆಂಡಿನಲ್ಲಿ ನಮ್ಮ ಮೊದಲ ಸಾಧನೆ ಒಂದು ಬೀದಿಯನ್ನು ಬೆಚ್ಚಿಬೀಳಿಸಿದ್ದು. ಇನಾಸ ಕೆಲಸಕ್ಕೆ ಹೋಗಿದ್ದ. ವಿಮಾನದ ಊಟದಿಂದ ಬಾಯಿ ಕೆಟ್ಟಿದ್ದ ಮಕ್ತುಮ ಕಡಲೆಹಿಟ್ಟಿನ ಝುಣಕ ಮಾಡಲೆಂದು ಒಣಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆಗೆ ಹಾಕಿದ. ತಕ್ಷಣ ಸೂರಿನಲ್ಲಿದ್ದ ಬಿಳಿಯ ಡಬ್ಬಿಯೊಂದು ಪ್ರಾಣ ಹೋದಂತೆ ಕೂಗತೊಡಗಿತು. ಹೊಗೆ ಕಂಡರೆ ಕೂಗುವ ಯಂತ್ರವಂತೆ ಅದು. ನಮಗೇನು ಗೊತ್ತು? ಮಕ್ತುಮ ಕೆಳಗೆ ನಿಂತು ಟವೆಲ್ ಬೀಸಿದ, ನಾನು ಬಾಗಿಲು ತೆಗೆದೆ, ಅದು ಮತ್ತಷ್ಟು ಹುಮ್ಮಸ್ಸಿನಿಂದ ಕೂಗಿತು.

ಪಕ್ಕದ ಮನೆಯಿಂದ ಮಾರ್ಗರೆಟ್ ಎಂಬ ಅಜ್ಜಿ ಮನೆಚಪ್ಪಲಿಯಲ್ಲೇ ಓಡಿ ಬಂದರು. ಬಂದವರು ಮೊದಲು ಹೇಳಿದ್ದು ಸಾರಿ. ಬೆಂಕಿ ಹಚ್ಚುತ್ತಿರುವವರು ನಾವು, ತೊಂದರೆ ಕೊಟ್ಟೆನೇನೋ ಎಂದು ಕ್ಷಮೆ ಕೇಳುತ್ತಿರುವವರು ಅವರು. ಪೊರಕೆಯ ಹಿಡಿಕೆಯಿಂದ ಡಬ್ಬಿಯ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದರು. ಬಾಣಲೆಯನ್ನು ಇಣುಕಿ ನೋಡಿ, ವಾಸನೆ ಬಹಳ ಚೆನ್ನಾಗಿದೆ ಎಂದು ಕೆಮ್ಮುತ್ತ ಹೇಳಿದರು.

ಬಂದವರನ್ನು ಹಾಗೇ ಕಳಿಸುವುದುಂಟೆ? ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಕಡಕ್ ರೊಟ್ಟಿಯ ಮೇಲೆ ಝುಣಕ ಹಾಕಿ ಕೊಟ್ಟೆವು. ಅವರು ಚಮಚದಿಂದ ಝುಣಕ ಪೂರ್ತಿ ತಿಂದು, ಮೂಗು ಒರೆಸಿಕೊಂಡು, ರೊಟ್ಟಿಯನ್ನು ಮಾತ್ರ ತಟ್ಟೆಯೆಂದು ತಿಳಿದು ಜೋಪಾನವಾಗಿ ಸಿಂಕಿನ ಹತ್ತಿರ ಇಟ್ಟರು. ಅವರು ಹೋದ ಮೇಲೆ ಮಕ್ತುಮ, "ಮಾರ್ಗರೆಟ್ ಬಾಯಿ ಭಾಳ ಚಲೋ ಹೆಣಮಗಳು" ಎಂದು ಆ ರೊಟ್ಟಿಯನ್ನು ತಾನೇ ಮುರಿದು ತಿಂದ.

ನಡುವಿನ ದಿನಗಳು, ಊರಿನ ಬಾಯಿ

ಆ ಊರಿನ ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ. ನಾಯಿ ಕೂಡ ಸೀಟಿನ ಕೆಳಗೆ ಸುಮ್ಮನೆ ಕೂತಿರುತ್ತದೆ. ನಮ್ಮ ಹಳಿಯಾಳ ಬಸ್ಸಿನಲ್ಲಿ ಕಬ್ಬಿನ ಲಾರಿಯ ಹಿಂದೆ ಸಿಕ್ಕಿಬಿದ್ದ ಅರ್ಧ ಗಂಟೆಯಲ್ಲಿ ಪಕ್ಕದವರ ಮಗಳ ಮದುವೆ, ಮೊಣಕಾಲು ನೋವು ಎಲ್ಲ ತಿಳಿದುಬಿಡುತ್ತದೆ. ಇಲ್ಲಿ ಯಾರಾದರೂ ನಿಮ್ಮ ಕಾಲು ತುಳಿದರೆ ನೀವಿಬ್ಬರೂ ಸಾರಿ ಎನ್ನಬೇಕು, ಅಲ್ಲಿಗೆ ಪರಿಚಯ ಮುಗಿಯಿತು.

ಆದರೆ ಮಕ್ತುಮನಿಗೆ ಮಾತು ಬೇಕಿತ್ತು. ಪ್ರಶಸ್ತಿಯ ಹತ್ತಿರ ಬಂದಿರುವ ಊರಿನ ಮನಸ್ಸು ಎಷ್ಟು ಗಟ್ಟಿಯಿದೆ ಎಂದು ಅವನು ಅಳೆಯಲು ಬಂದವನು. ಗ್ಯಾರೇಜಿನ ಇಂಗ್ಲಿಷನ್ನೇ ಉಪಯೋಗಿಸಿ ಸಿಕ್ಕಸಿಕ್ಕವರಿಗೆ, "ಸ್ಯಾಟರ್‌ಡೇ ಕಪ್? ಮೈಂಡ್ ಫುಲ್ ಟೈಟ್?" ಎಂದು ಕೇಳುತ್ತಿದ್ದ. ಸ್ಪ್ಯಾನರಿನಿಂದ ನಟ್ಟು ಬಿಗಿಯುವಂತೆ ಕೈ ತಿರುಗಿಸಿ ತೋರಿಸುತ್ತಲೂ ಇದ್ದ.

ಬಂದ ಉತ್ತರಗಳು ಅವನನ್ನು ಕಂಗಾಲು ಮಾಡಿದವು. ಬಸ್ಸಿನ ಡ್ರೈವರ್, ಇಲ್ಲಪ್ಪ, ಖಂಡಿತ ಕೆಡಿಸಿಕೊಳ್ಳುತ್ತಾರೆ ಎಂದ. ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸಿ, ನಮ್ಮವರು ಸೋಲುವುದಕ್ಕೇ ಹುಟ್ಟಿದವರು ಎಂದ. ಮಾರ್ಗರೆಟ್ ಬಾಯಿಯಂತೂ ಮದುವೆಯಾಗಿ ಬಂದ ವರ್ಷದಿಂದ ಒಂದು ಆಟವನ್ನೂ ತಪ್ಪಿಸಿದವರಲ್ಲ, ಗಂಡ ತೀರಿಕೊಂಡ ಮೇಲೂ ಅದೇ ಸಾಲಿನಲ್ಲಿ ಕೂರುತ್ತಾರೆ. ಅವರು ಬೇಲಿಯಾಚೆಯಿಂದ ಬಟ್ಟೆ ಒಣಗಿಸುತ್ತ, ಗೆದ್ದರೆ ನನಗೆ ಹೃದಯಾಘಾತವೇ ಆಗುತ್ತದೆ, ಅದರ ಬದಲು ಸೋಲುವುದೇ ವಾಸಿ ಎಂದರು.

ನಮ್ಮಲ್ಲಿ ಇಂಥ ಮಾತು ಆಡಿದರೆ ಓಣಿಯಿಂದ ಹೊರಗೆ ಹಾಕುತ್ತಾರೆ. ನಾವು ಫೈನಲ್‌ಗೆ ಮೊದಲೇ ಚಾಂಪಿಯನ್ಸ್ ಎಂದು ಫ್ಲೆಕ್ಸ್ ಮಾಡಿಸುವವರು. ಮೂರು ವರ್ಷದ ಮೂರು ಫ್ಲೆಕ್ಸ್ ಈಗ ಮಕ್ತುಮನ ಗ್ಯಾರೇಜಿನ ತಗಡಿನ ಮೇಲೆ ಮಳೆ ತಡೆಯುತ್ತಿವೆ, ಗಾಳಿಗೆ ಹಾರದಿರಲೆಂದು ಫ್ಲೆಕ್ಸಿನಲ್ಲಿರುವ ನನ್ನ ಮುಖದ ಮೇಲೆ ಒಂದು ಕಲ್ಲೂ ಇದೆ. ಗೆದ್ದೇ ಗೆಲ್ಲುತ್ತೇವೆ ಎನ್ನುವ ನಾವು ಪೆನಾಲ್ಟಿ ಬಂದರೆ ನೋಡಲಾರೆವು. ಸೋತೇ ಸೋಲುತ್ತೇವೆ ಎನ್ನುವ ಇವರು ಚಳಿಯಲ್ಲಿ ಮಳೆಯಲ್ಲಿ ಪ್ರತಿ ವಾರ ಹೋಗಿ ಕೂರುತ್ತಾರೆ. ಇದರಲ್ಲಿ ಗಟ್ಟಿ ಯಾರು, ಮೆತ್ತಗೆ ಯಾರು ಎಂದು ನನಗೆ ಗೊಂದಲವಾಯಿತು. ಮಕ್ತುಮನಿಗೆ ಗೊಂದಲವಿರಲಿಲ್ಲ. ಇವರೆಲ್ಲ ಅಪಶಕುನದ ಮಂದಿ ಎಂದು ತೀರ್ಮಾನಿಸಿದ್ದ.

ಗುರುವಾರ, ನನ್ನ ಕ್ಲಬ್ಬಿನ ಗೇಟು

ಒಂದು ದಿನ ಇನಾಸ ರಜೆ ಹಾಕಿ ರೈಲಿನಲ್ಲಿ ನನ್ನ ದೊಡ್ಡ ಕ್ಲಬ್ಬಿನ ಊರಿಗೆ ಕರೆದುಕೊಂಡು ಹೋದ. ಒಳಗೆ ಬಿಡುವ ದಿನವಲ್ಲ ಅದು. ಗೇಟಿನ ಕಂಬಿ ಹಿಡಿದು ನಿಂತೆ. ಎಷ್ಟೋ ಶನಿವಾರ ನನ್ನ ಊಟ ನಿದ್ದೆ ಕೆಡಿಸಿದ ಜಾಗ ಅದು. ಕಾವಲುಗಾರ ಬಂದು ಎಲ್ಲಿಂದ ಬಂದಿರಿ ಎಂದು ಕೇಳಿದ. ಇಂಡಿಯಾದಲ್ಲಿ ದಾಂಡೇಲಿ ಎಂಬ ಊರಿದೆ, ಅಲ್ಲಿಂದ ಇಷ್ಟು ವರ್ಷ ನಿಮ್ಮ ತಂಡವನ್ನೇ ನಂಬಿಕೊಂಡಿದ್ದೇನೆ ಎಂದೆ. ಅವನು ನನ್ನನ್ನು ಸ್ವಲ್ಪ ಹೊತ್ತು ನೋಡಿ ಮನಃಪೂರ್ವಕವಾಗಿ ಸಾರಿ ಎಂದ. ಆ ದೇಶದಲ್ಲಿ ನಾನು ಕೇಳಿದ ಸಾರಿಗಳಲ್ಲೆಲ್ಲ ಅರ್ಥವಿದ್ದದ್ದು ಅದೊಂದೇ. ಮಕ್ತುಮ ವಾಪಸು ಬರುವಾಗ ರೈಲಿನಲ್ಲಿ ಅದನ್ನು ನೆನೆನೆನೆದು ನಕ್ಕ.

ಶನಿವಾರ, ಮೈದಾನ

ಮೈದಾನ ಮನೆಗಳ ನಡುವೆಯೇ ಇತ್ತು. ನಾನು, ಮಕ್ತುಮ, ಇನಾಸ ಮೂವರೂ ಒಂದು ಸಾಲು, ಸರಿಯಾಗಿ ನಮ್ಮ ಹಿಂದಿನ ಸೀಟಿನಲ್ಲಿ ಮಾರ್ಗರೆಟ್ ಬಾಯಿ. ಮೇ ತಿಂಗಳು ಎನ್ನುವುದು ಹೆಸರಿಗೆ, ಹಲ್ಲು ಕಟಕಟ ಎನ್ನುವ ಚಳಿ. ನಾನು ಒಂದರ ಮೇಲೊಂದು ಎರಡು ಸ್ವೆಟರ್ ಹಾಕಿದ್ದೆ. ಬಾಯಿಯವರು ಇವತ್ತು ಹಿತವಾದ ಬಿಸಿಲು ಎಂದರು.

ಹೇಳಿದ ವೇಳೆಗೆ ಆಟ ಶುರುವಾಗಿಬಿಟ್ಟಿತು. ಮಕ್ತುಮ ಗಾಬರಿಯಿಂದ ಸುತ್ತಲೂ ನೋಡಿ, ಮುಖ್ಯ ಅತಿಥಿ ಎಲ್ಲಿ, ಶಾಲು ಹೊದಿಸುವುದು ಯಾವಾಗ ಎಂದು ಇನಾಸನನ್ನು ಕೇಳಿದ. ನಮ್ಮಲ್ಲಿ ಫೈನಲ್ ಎಂದರೆ ಗಣ್ಯರಿಗೆಲ್ಲ ಶಾಲು, ಪೇಟ, ಹಾರ, ಭಾಷಣ ಮುಗಿಯುವ ತನಕ ಆಟಗಾರರು ಬಿಸಿಲಿನಲ್ಲಿ ಸಾಲಾಗಿ ನಿಂತಿರಬೇಕು. ಅಷ್ಟರಲ್ಲಿ ಅವರ ಕಾಲಿನ ಅರ್ಧ ಶಕ್ತಿ ಇಳಿದಿರುತ್ತದೆ. ಇಲ್ಲಿ ಗಣ್ಯರೇ ಇರಲಿಲ್ಲ, ಇದ್ದರೂ ಅವರಿಗೆ ಮಾತಾಡಲು ಬಿಟ್ಟಿರಲಿಲ್ಲ.

ಗೆದ್ದರೆ ಮಾತ್ರ ಪ್ರಶಸ್ತಿ. ಸಮ ಆದರೆ ಬೇರೆ ಊರಿಗೆ ಹೋಗುತ್ತದೆ. ಗಂಟೆ ಕಳೆದರೂ ಗೋಲಿಲ್ಲ. ನಮ್ಮ ಸುತ್ತಲಿನವರು ಮೊದಲೇ ಹೇಳಿದ್ದೆವಲ್ಲ ಎಂಬಂತೆ ತಲೆಯಾಡಿಸುತ್ತಿದ್ದರು, ಆದರೆ ಕಣ್ಣು ಮಾತ್ರ ಚೆಂಡನ್ನು ಬಿಡುತ್ತಿರಲಿಲ್ಲ. ಇನ್ನೇನು ಮುಗಿಯಿತು ಎನ್ನುವಾಗ ನಮ್ಮ ಕಡೆಯವನೊಬ್ಬ ಗೋಲಿನ ಮುಂದೆ ಬಿದ್ದ. ರೆಫರಿ ಚುಕ್ಕೆಯ ಕಡೆ ಬೆರಳು ತೋರಿಸಿದ.

ಇಡೀ ಮೈದಾನ ಎದ್ದು ನಿಂತಿತು. ನಾವೂ ಎದ್ದೆವು. ಎದ್ದವರೇ, ನಾನೂ ಮಕ್ತುಮನೂ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಗರಕ್ಕನೆ ತಿರುಗಿಬಿಟ್ಟೆವು.

ದಾಂಡೇಲಿ, ಹಳಿಯಾಳಗಳಲ್ಲಿ ತಿರುಗಿ ನಿಂತರೆ ಎದುರಿಗೆ ಇರುವುದು ಕಂಪೌಂಡು ಗೋಡೆ. ಇಲ್ಲಿ ಎದುರಿಗೆ ಸಾವಿರಾರು ಮುಖಗಳಿದ್ದವು, ಅಷ್ಟೂ ಮುಖಗಳು ನಮ್ಮನ್ನು ದಾಟಿ ಮೈದಾನವನ್ನು ನೋಡುತ್ತಿದ್ದವು. ಒಂದು ಬೆನ್ನೂ ಕಾಣಲಿಲ್ಲ. ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಮಾರ್ಗರೆಟ್ ಬಾಯಿ. ಅವರು ಒಂದು ಕ್ಷಣ ನಮ್ಮನ್ನು ನೋಡಿ, ಮೈ ಸರಿಯಿಲ್ಲವೇ ಎಂದು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ, ಮಕ್ತುಮನ ಹೆಗಲ ಮೇಲಿನಿಂದ ಕತ್ತು ಚಾಚಿದರು.

ಸೀಟಿ ಕೇಳಿಸಿತು. ಚೆಂಡಿಗೆ ಕಾಲು ತಾಗಿದ ಸದ್ದೂ ಕೇಳಿಸಿತು. ಅಷ್ಟೂ ಮುಖಗಳು ಒಟ್ಟಿಗೆ ಕುಸಿದವು. ಹೋಯಿತು ಎಂದುಕೊಂಡೆ. ಆದರೆ ಆ ಉಸಿರು ಮುಗಿಯುವ ಮೊದಲೇ ಮಾರ್ಗರೆಟ್ ಬಾಯಿ ಕೈ ಚಾಚಿ, ಬೆರಳು ತೋರಿಸಿ, ಆ ಸಣ್ಣ ದೇಹದಿಂದ ಎಂಥ ದನಿ ತೆಗೆದರೆಂದರೆ ನನ್ನ ಕಿವಿ ಮುಚ್ಚಿಹೋಯಿತು. ಅವರೊಬ್ಬರೇ ಅಲ್ಲ. ಅಷ್ಟೂ ಕೈಗಳು ಅದೇ ಕಡೆ ಚಾಚಿದ್ದವು, ಅಷ್ಟೂ ಬಾಯಿಗಳು ಒಂದೇ ಮಾತು ಒದರುತ್ತಿದ್ದವು. ಆಮೇಲೆ ಒಮ್ಮೆಲೇ ಎಲ್ಲರೂ ಕುಣಿಯತೊಡಗಿದರು. ಬಾಯಿಯವರು ಮಕ್ತುಮನ ಎರಡೂ ಕಿವಿ ಹಿಡಿದು ಹಣೆಗೆ ಮುತ್ತು ಕೊಟ್ಟರು. ಐದು ಹೊತ್ತು ನಮಾಜಿನ ಮನುಷ್ಯ ಕಲ್ಲಾಗಿ ನಿಂತಿದ್ದ.

ಏನಾಯಿತೆಂದು ಇನಾಸನನ್ನು ಕೇಳಬೇಕಾಯಿತು. ಹುಡುಗ ಹೊಡೆದ, ಗೋಲ್‌ಕೀಪರ್ ತಡೆದ, ಚೆಂಡು ಪುಟಿದು ಹುಡುಗನ ಕಾಲ ಬಳಿಯೇ ಬಂತು. ಅವನು ತಲೆ ತಗ್ಗಿಸಿದ್ದ. ಮಂದಿ ಒದರಿದ್ದು ಕೇಳಿ ತಲೆ ಎತ್ತಿ ಒಳಗೆ ಒದ್ದ. ಅಷ್ಟೇ.

ಇನಾಸನ ಮೂಲಕ ಮಕ್ತುಮ ಬಾಯಿಯವರಿಗೆ ಒಂದು ಪ್ರಶ್ನೆ ಹಾಕಿದ. ಆ ಹುಡುಗನ ಮನಸ್ಸು ಬಹಳ ಗಟ್ಟಿ ಇರಬೇಕಲ್ಲವೇ? ಬಾಯಿಯವರು ಕಣ್ಣೊರೆಸಿಕೊಳ್ಳುತ್ತ ನಕ್ಕರು. ಯಾರು, ಅವನೇ? ಪ್ರತಿ ಆಟಕ್ಕೆ ಮೊದಲು ಹೆದರಿ ವಾಂತಿ ಮಾಡುವವನು, ಇಡೀ ಊರಿಗೆ ಗೊತ್ತು. ಅಂಥ ಹೊತ್ತಿನಲ್ಲಿ ಪಾಪ ಅವನಿಗೆ ಚೆಂಡು ಎಲ್ಲಿದೆ ಎಂದೂ ಕಾಣುವುದಿಲ್ಲ, ಅದಕ್ಕೇ ನಾವು ಹೇಳುತ್ತೇವೆ ಎಂದರು.

ಊರೆಲ್ಲ ಹಾಡಿಕೊಂಡು ಹೋಗುತ್ತಿತ್ತು. ಕ್ಷೌರದಂಗಡಿಯವನು ಲೈಟ್ ಕಂಬ ಅಪ್ಪಿಕೊಂಡು ಅಳುತ್ತಿದ್ದ. ಮನೆ ಹತ್ತಿರ ಬಂದಾಗ ಮಕ್ತುಮ ನಿಂತು ನನ್ನ ಕಡೆ ತಿರುಗಿದ.

"ಈರ್ಯಾ, ಹಳಿಯಾಳದಾಗ ಪರಶ್ಯಾ ಹೊಡದಾಗ ಗೋಲ್‌ಕೀಪರ ತಡದ, ಖರೆ. ತಡದ ಮ್ಯಾಲೆ ಚೆಂಡು ಎಲ್ಲಿಗೆ ಹೋತು?"

ನನಗೆ ಗೊತ್ತಿರಲಿಲ್ಲ. ನಾನು ಕಂಪೌಂಡು ನೋಡುತ್ತ ನಿಂತಿದ್ದವನು. ಮೆಲ್ಲಗೆ ಯೋಚಿಸಿದರೆ ಓಣಿಯಲ್ಲಿ ಯಾರನ್ನು ಕೇಳಿದರೂ ಗೊತ್ತಿರಲಾರದು. ಹುಡುಗನ ಬಗ್ಗೆ ಒಂದು ವರ್ಷ ತೀರ್ಪು ಕೊಡುತ್ತ ಬಂದ ನಮ್ಮಲ್ಲಿ ಅವನು ಏನು ಮಾಡಿದನೆಂದು ನೋಡಿದವರೇ ಇರಲಿಲ್ಲ. ನನಗೆ ಆ ಚಳಿಯಲ್ಲೂ ಮುಖ ಬಿಸಿಯಾಯಿತು.

ಭಾನುವಾರ

ಮರುದಿನ ಬೇಲಿಯ ಹತ್ತಿರ ಮಾರ್ಗರೆಟ್ ಬಾಯಿ ಸಿಕ್ಕರು. ಪ್ರಶಸ್ತಿ ಗೆದ್ದ ಸಂತೋಷ ಹೇಗಿದೆ ಎಂದೆ. ಬರುವ ವರ್ಷ ಮೇಲಿನ ಡಿವಿಜನ್ನು, ವಾರವಾರ ಬಡಿಸಿಕೊಳ್ಳುತ್ತೇವೆ, ಯಾಕಾದರೂ ಗೆದ್ದೆವೋ ಎಂದು ಅವರು ನಿಟ್ಟುಸಿರು ಬಿಟ್ಟರು.

ಗಣೇಶಗುಡಿ

ಗೋವಾದಲ್ಲಿ ಇಳಿದು, ಅನಮೋಡ ಘಾಟ್ ಹತ್ತಿ, ರಾಮನಗರದಲ್ಲಿ ಬಸ್ ಬದಲಿಸಿ ಜೋಯಿಡಾ ಮೇಲೆ ದಾಂಡೇಲಿಗೆ ಹೊರಟೆವು. ಬಸ್ಸಿನಲ್ಲಿ ಕುಂಬಾರವಾಡದ ಕಡೆಯ ಅಜ್ಜಿಯೊಬ್ಬಳು ಕೊಂಕಣಿಯಲ್ಲಿ ನಮ್ಮ ಊರು, ಮನೆ, ಬ್ಯಾಗಿನಲ್ಲಿ ಏನಿದೆ ಎಲ್ಲ ವಿಚಾರಿಸಿಕೊಂಡಳು. ಸಾರಿ ಕೇಳಲಿಲ್ಲ. ನನಗೆ ಹಾಯೆನಿಸಿತು.

ಗಣೇಶಗುಡಿ ಬಂದಾಗ ಮಕ್ತುಮ ಬ್ಯಾಗು ಹೆಗಲಿಗೆ ಹಾಕಿಕೊಂಡು ಇಳಿದುಬಿಟ್ಟ. ಮನೆಯವರು ದಾಂಡೇಲಿಯಲ್ಲಿ ಅಡಿಗೆ ಮಾಡಿಕೊಂಡು ಕಾಯುತ್ತಿದ್ದರು. ವಿಧಿಯಿಲ್ಲದೆ ನಾನೂ ಇಳಿದೆ.

ನದಿಯ ದಂಡೆಯಲ್ಲಿ ಪರಶುರಾಮ ಪ್ರವಾಸಿಗರು ಬಿಚ್ಚಿಟ್ಟು ಹೋದ ಲೈಫ್ ಜಾಕೆಟ್ಟುಗಳನ್ನು ತೊಳೆದು ಹಗ್ಗಕ್ಕೆ ಹಾಕುತ್ತಿದ್ದ. ನಮ್ಮನ್ನು ಕಂಡು ಅವನ ಮುಖ ಸಣ್ಣದಾಯಿತು. ತಂಡದಿಂದ ತೆಗೆಯುವ ಸುದ್ದಿ ಅವನ ಕಿವಿಗೂ ಬಿದ್ದಿತ್ತೆಂದು ಕಾಣುತ್ತದೆ. ಪ್ರವಾಸ ಚೆನ್ನಾಗಾಯಿತೇ ಎಂದು ಕೇಳಿದ, ಮತ್ತೆ ಜಾಕೆಟ್ಟು ಹಿಂಡತೊಡಗಿದ. ಮಕ್ತುಮ ಕುಶಲ ವಿಚಾರಿಸಲಿಲ್ಲ.

"ಪರಶ್ಯಾ, ಹಳಿಯಾಳದಾಗ ಗೋಲ್‌ಕೀಪರ ತಡದ ಮ್ಯಾಲೆ ಚೆಂಡು ಎಲ್ಲಿಗೆ ಹೋತು?"

ಪರಶುರಾಮನ ಕೈ ನಿಂತಿತು. ಒಂದು ವರ್ಷದಲ್ಲಿ ಯಾರೂ ಅವನನ್ನು ಇದನ್ನು ಕೇಳಿರಲಿಲ್ಲ.

"ನನ್ನ ಮುಂದನ ಬಂದಿತ್ತಂತ, ಕಾಕಾ. ಆಮ್ಯಾಲೆ ಅವರ ಹುಡುಗೂರು ಹೇಳಿದ್ರು. ನನಗ ಆಗ ಕಾಣಲಿಲ್ಲ, ಕಣ್ಣಿಗೆ ಕತ್ತಲಿ ಬಂದಂಗಾಗಿತ್ತು." ಜಾಕೆಟ್ಟನ್ನು ಹಗ್ಗಕ್ಕೆ ಹಾಕುತ್ತ ಹೇಳಿದ. "ಎಲ್ಲೈತಿ ಅಂತ ಕೈ ಮಾಡ್ತೀರಿ ಅಂತ ನಿಮ್ಮ ಕಡೆ ನೋಡಿದೆ. ಎಲ್ಲಾರೂ ಬೆನ್ನು ಮಾಡಿ ನಿಂತಿದ್ರಿ. ಅಷ್ಟರಾಗ ಅವರು ಬಂದು ಹೊರಗ ಒದ್ದುಬಿಟ್ರು."

ಮಕ್ತುಮ ಬೋರಲು ಹಾಕಿದ ರಾಫ್ಟಿನ ಮೇಲೆ ಕೂತುಕೊಂಡ. ಅವನ ಗಡ್ಡ ಅದುರುತ್ತಿತ್ತು. ಇಷ್ಟು ವರ್ಷದ ಗೆಳೆತನದಲ್ಲಿ ಅವನನ್ನು ಹಾಗೆ ನೋಡಿದವನಲ್ಲ ನಾನು, ಎಲ್ಲಿ ನೋಡಬೇಕೆಂದು ತಿಳಿಯದೆ ನೀರು ನೋಡಿದೆ. ಮಕ್ತುಮ ತಾನೇ ಒಂದು ಒದ್ದೆ ಜಾಕೆಟ್ಟು ಎತ್ತಿಕೊಂಡು ಹಿಂಡತೊಡಗಿದ.

"ಈ ಸಲನೂ ಪೆನಾಲ್ಟಿ ಬಂದ್ರ ನೀನ ಹೊಡಿ. ನಾ ನೋಡ್ತೇನಿ."

ಪರಶುರಾಮ ನಂಬದವನಂತೆ ಮೊದಲು ನನ್ನನ್ನು, ಆಮೇಲೆ ಅವನನ್ನು ನೋಡಿದ.

"ಮತ್ತ ತಪ್ಪಿದ್ರ, ಕಾಕಾ?"

"ತಪ್ಪಿದ್ರೂ ನೋಡ್ತೇನಿ," ಎಂದ ಮಕ್ತುಮ.